ತಡವಾಗಿ ತುಂಬಿದ ಮಡಿಲು: ಜನಪದ ಆಕರಗಳ ಹಿನ್ನೆಲೆಯಲ್ಲಿ

ಹೆಣ್ಣಿನ ವಯಸ್ಸನ್ನು ನಮ್ಮ ಜನಪದರು ವರ್ಷಗಳಲ್ಲಿ ಎಣಿಸಿದ್ದು ಕಡಿಮೆ. ಮೈನೆರೆದದ್ದು, ಮದುವೆಯಾದದ್ದು, ಚೊಚ್ಚಲ ಹೆರಿಗೆ, ಕಡೆಹುಟ್ಟಿನ ಬಾಣಂತನ, ಮುಟ್ಟು ನಿಂತದ್ದು ಇವೇ ಆಕೆಯ ಆಯುಷ್ಯದ ಮೈಲಿಗಲ್ಲುಗಳು. ಹೀಗಾಗಿ ತಡವಾಗಿ ತಾಯಿಯಾದವರ ಚರಿತ್ರೆಯನ್ನು ಕಾವ್ಯ, ಕಲ್ಲು, ಹೆಸರುಗಳಲ್ಲಿಯೇ ಹುಡುಕಬೇಕಾಗುತ್ತದೆ. ಈ ಆಕರಗಳನ್ನು ಒಟ್ಟಿಗೆ ಇರಿಸಿ ನೋಡಿದಾಗ ಗಮನಾರ್ಹ ಸಂಗತಿಯೊಂದು ಎದ್ದುಕಾಣುತ್ತದೆ: ಬಹುಕಾಲ ಕಾದು ಪಡೆದ ಮಗು ಪೂರ್ಣವಾಗಿ ತಾಯಿಯದಲ್ಲ.

ಕಂಸಾಳೆ ಕಲಾವಿದರು ಹಾಡುವ ಮಲೆ ಮಾದೇಶ್ವರ ಮಹಾಕಾವ್ಯದ ಸಂಕಮ್ಮನ ಸಾಲನ್ನೇ ಗಮನಿಸಬಹುದು. ಸಂಕಮ್ಮ ಮಕ್ಕಳಿಲ್ಲದವಳು. ಕಾಡಿಗೆ ಹೊರಟ ಗಂಡ ನೀಲೇಗೌಡ ಆಕೆಯ ಶೀಲವನ್ನು ಶಂಕಿಸಿ ಭಾಷೆ ಕೇಳುತ್ತಾನೆ. ಅವಳು ಕೊಡಲೊಪ್ಪುವುದಿಲ್ಲ. ಅದಕ್ಕಾಗಿ ಘೋರವಾದ ಹಿಂಸೆಯನ್ನು ಅನುಭವಿಸುತ್ತಾಳೆ. ಮಾದೇಶ್ವರನ ವರದಿಂದ ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಮಕ್ಕಳಾಗುತ್ತಾರಾದರೂ ಅವರು ಸಲ್ಲುವುದು ಮಾದಪ್ಪನ ಸೇವೆಗೆ. ಈ ಭಾಗವನ್ನು ವಿದ್ವಾಂಸರು ಬಹುಮಟ್ಟಿಗೆ ಭಕ್ತಿಯ ಮಹಿಮೆಯಾಗಿ ಓದಿದ್ದಾರೆ. ಬಂಜೆತನದ ಅಪವಾದವೂ ಶೀಲದ ಶಂಕೆಯೂ ಒಂದೇ ಹೆಣ್ಣಿನ ಮೇಲೆ ಬೀಳುವುದನ್ನು ಗಾಯಕರು ಅಷ್ಟು ವಿಸ್ತಾರವಾಗಿ ಹಾಡುವುದು ಬರಿಯ ಮಹಿಮೆಗಾಗಿ ಎಂದು ನನಗನ್ನಿಸುವುದಿಲ್ಲ.

ಶಿಷ್ಟ ಪರಂಪರೆಯಲ್ಲಿಯೂ ಇದೇ ಆಶಯವಿದೆ. ಸುಮಾರು 10ನೆಯ ಶತಮಾನದ ‘ವಡ್ಡಾರಾಧನೆ’ಯಲ್ಲಿ ಸುಕುಮಾರಸ್ವಾಮಿಯ ತಾಯಿ ಯಶೋಭದ್ರೆ ಮಕ್ಕಳಿಲ್ಲದೆ ಕೊರಗಿದವಳು. ಮಗ ಮುಂದೆ ತಪಸ್ಸಿಗೆ ಹೋಗುವನೆಂದು ತಿಳಿದ ಆಕೆ ಯತಿಗಳ ನೆರಳೂ ಅವನ ಮೇಲೆ ಬೀಳದಂತೆ ಕಾಯುತ್ತಾಳೆ. ಮಗ ಉಳಿಯುವುದಿಲ್ಲ.

ಹೀಗೆ ಮಗುವನ್ನು ಎರವಲಿನದೆಂದು ಭಾವಿಸಲು ಕಾರಣ ಧರ್ಮವಷ್ಟೇ ಅಲ್ಲ, ಸಾವು. ಹುಟ್ಟಿದ ಕೂಸುಗಳು ಒಂದರ ಮೇಲೊಂದು ತೀರಿಕೊಂಡ ಮನೆಯಲ್ಲಿ ಕಡೆಗೆ ಹುಟ್ಟಿದ್ದನ್ನು ತಿಪ್ಪೆಯ ಮೇಲೆ ಮಲಗಿಸಿ, ಬೇರೆಯವರಿಂದ ಎತ್ತಿಸಿ, ತಿಪ್ಪಯ್ಯ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದರು. ಗುಂಡ, ಕಲ್ಲ, ತಿರುಕ ಎಂಬ ಹೆಸರುಗಳಿಗೂ ಇದೇ ಹಿನ್ನೆಲೆಯುಂಟು. ಮಗುವಿಗೆ ಬೆಲೆಯಿಲ್ಲವೆಂದು ಮೃತ್ಯುವನ್ನು ನಂಬಿಸುವ ಉಪಾಯವಿದು. ಅಶ್ವತ್ಥದ ಕಟ್ಟೆಯ ನಾಗರಕಲ್ಲಿಗೆ ಹರಕೆ ಹೊತ್ತು ಪಡೆದವರು ನಾಗಪ್ಪ, ನಾಗಮ್ಮರಾದರು. ಹೆಣ್ಣುಮಕ್ಕಳ ಸಾಲು ಮುಗಿಯಲೆಂದು ಸಾಕಮ್ಮ ಎಂದಿಟ್ಟದ್ದೂ ಉಂಟು. ಸಾಕು ಎಂಬುದಕ್ಕೆ ಸಲಹು ಎಂಬ ಅರ್ಥವೂ ಇರುವುದರಿಂದ ಆ ಹೆಸರನ್ನು ಹೊತ್ತವಳಿಗೆ ಕೊಂಚ ಸಮಾಧಾನವಿದ್ದೀತು!

ಇಲ್ಲಿ ಒಂದು ವ್ಯತ್ಯಾಸವನ್ನು ಮರೆಯಬಾರದು. ಇಂದು ತಡವಾದ ಹೆರಿಗೆಯೆಂದರೆ ಸಾಮಾನ್ಯವಾಗಿ ಚೊಚ್ಚಲು. ಹಿಂದೆ ಅದು ಹೆಚ್ಚಾಗಿ ಕಡೆಹುಟ್ಟು. ಎಳೆಯ ಪ್ರಾಯದಲ್ಲಿ ಹೆರಲಾರಂಭಿಸಿದವಳು ಮುಟ್ಟು ನಿಲ್ಲುವವರೆಗೂ ಹೆರುತ್ತಿದ್ದಳು. ತಾಯಿ, ಮಗಳು ಒಂದೇ ಸೂರಿನಡಿ ಬಾಣಂತಿಯರಾಗುವುದು ಅಪರೂಪವೇನಾಗಿರಲಿಲ್ಲ. ಅದರಲ್ಲಿ ತಾಯಿಗಿದ್ದ ಸಂಕೋಚವೂ ಅಷ್ಟೇ ನಿಜ. ಮೈಸೂರು ಸಂಸ್ಥಾನವು 1894ರಲ್ಲಿ ಬಾಲ್ಯವಿವಾಹ ನಿರ್ಬಂಧದ ಶಾಸನವನ್ನು ತಂದಾಗ ನಿಷೇಧಿಸಿದ್ದು ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ವರಿಸುವುದನ್ನೂ ಅದು ತಡೆಯಿತು. ಹೆರಿಗೆಗಳ ಸಂಖ್ಯೆಯ ಪ್ರಶ್ನೆಯನ್ನು ಸರ್ಕಾರ ಕೈಗೆತ್ತಿಕೊಂಡದ್ದು 1930ರಲ್ಲಿ, ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿದಾಗ.

ಹಳ್ಳಿಗಳಲ್ಲಿ ಈ ತಿಳಿವಳಿಕೆಯನ್ನೆಲ್ಲ ಹೊತ್ತವಳು ಸೂಲಗಿತ್ತಿ. ಯಾವ ಬಸಿರು ಎಷ್ಟನೆಯದು, ಯಾವುದು ನಿಲ್ಲಲಿಲ್ಲ ಎಂಬುದು ಅವಳ ನೆನಪಿನಲ್ಲಿತ್ತು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥವರ ನೆನಪುಗಳನ್ನು ಹೆರಿಗೆಯ ಚರಿತ್ರೆಯೆಂದು ದಾಖಲಿಸುವ ಕೆಲಸ ಅವರ ಮದ್ದುಗಳನ್ನು ಪಟ್ಟಿ ಮಾಡಿದಷ್ಟು ಶ್ರದ್ಧೆಯಿಂದ ನಡೆದಿಲ್ಲ.

ಬಂಜೆ ಎಂಬ ಪದಕ್ಕೆ ಆಡುಮಾತಿನಲ್ಲಿ ಅಷ್ಟೇ ಬಳಕೆಯಲ್ಲಿರುವ ಪುಲ್ಲಿಂಗ ರೂಪವಿಲ್ಲ. ಸಂತಾನೋತ್ಪತ್ತಿ ನೆರವಿನ ತಂತ್ರಜ್ಞಾನವನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯ್ದೆಯು ಹೆಣ್ಣಿಗೆ 50, ಗಂಡಿಗೆ 55 ವರ್ಷಗಳ ಮಿತಿಯನ್ನು ಹಾಕಿದೆ. ಸಂಕಮ್ಮನ ಸಾಲಿನಲ್ಲಿ ನೀಲೇಗೌಡನ ವಯಸ್ಸಾಗಲಿ, ಅವನ ದೇಹಸ್ಥಿತಿಯಾಗಲಿ ಚರ್ಚೆಗೆ ಬರುವುದೇ ಇಲ್ಲ.