ಕಪ್ಪೆ ಮತ್ತು ಚರ್ಮವಾಸಿ ಬ್ಯಾಕ್ಟೀರಿಯಾಗಳ ಸಹಜೀವನ

ಕಪ್ಪೆಗಳಿಗೂ ಅವುಗಳ ಚರ್ಮದ ಮೇಲೆ ನೆಲೆಸಿರುವ ಬ್ಯಾಕ್ಟೀರಿಯಾಗಳಿಗೂ ಇರುವ ಪರಸ್ಪರ ಉಪಕಾರದ ಸಂಬಂಧ. ಕಪ್ಪೆಯ ಚರ್ಮದ ಲೋಳೆ ಬ್ಯಾಕ್ಟೀರಿಯಾಗಳಿಗೆ ತೇವವನ್ನೂ ಆಹಾರವನ್ನೂ ಕೊಡುತ್ತದೆ. ಅವುಗಳಲ್ಲಿ ಕೆಲವು ತಯಾರಿಸುವ ರಾಸಾಯನಿಕಗಳು ರೋಗ ತರುವ ಶಿಲೀಂಧ್ರಗಳನ್ನು ತಡೆಯುತ್ತವೆ. ಈ ನಂಟಿನ ಅಧ್ಯಯನ ಬೆಳೆದದ್ದು ಮುಖ್ಯವಾಗಿ ಕಳೆದ ಮೂರು ದಶಕಗಳಲ್ಲಿ. ಜಗತ್ತಿನ ಹಲವೆಡೆ ಕಪ್ಪೆಗಳು ಸಾಮೂಹಿಕವಾಗಿ ಸಾಯತೊಡಗಿದ್ದೇ ಅದಕ್ಕೆ ಪ್ರೇರಣೆ.

ಚರ್ಮದ ಸ್ವರೂಪ

ಕಪ್ಪೆ ಚರ್ಮದ ಮೂಲಕವೂ ಉಸಿರಾಡುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಲವಣಗಳ ಪ್ರಮಾಣವನ್ನು ಹತೋಟಿಯಲ್ಲಿಡುತ್ತದೆ. ಈ ಕೆಲಸಗಳಿಗೆ ಚರ್ಮ ತೆಳುವಾಗಿರಬೇಕು, ಸದಾ ಒದ್ದೆಯಾಗಿರಬೇಕು. ಸೂಕ್ಷ್ಮಜೀವಿಗಳಿಗೂ ಬೇಕಾದದ್ದು ಅಂಥ ಜಾಗವೇ. ಆದ್ದರಿಂದ ಕಪ್ಪೆಯ ಚರ್ಮ ಅದರ ಜೀವಾಧಾರವೂ ಹೌದು, ರೋಗಗಳಿಗೆ ತೆರೆದ ದಾರಿಯೂ ಹೌದು. ಕಪ್ಪೆ ಆಗಾಗ ಹೊರಪೊರೆಯನ್ನು ಕಳಚುತ್ತದೆ. ಆಗ ಬ್ಯಾಕ್ಟೀರಿಯಾಗಳ ಸಂಖ್ಯೆ ತಗ್ಗಿ, ಹೊಸ ಪೊರೆಯ ಮೇಲೆ ಮತ್ತೆ ಹೆಚ್ಚುತ್ತದೆ.

ಆರಂಭದ ಅಧ್ಯಯನಗಳು

ಚರ್ಮದ ರಕ್ಷಣೆಯ ಬಗೆಗಿನ ಮೊದಲ ಸಂಶೋಧನೆಗಳು ಕಪ್ಪೆಯ ಗ್ರಂಥಿಗಳನ್ನಷ್ಟೇ ಗಮನಿಸಿದವು. ಅಮೆರಿಕದಲ್ಲಿ ಮೈಕೇಲ್ ಝಾಸ್ಲೋಫ್ ಅವರು ಪ್ರಯೋಗಾಲಯದಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ಆಫ್ರಿಕಾ ಮೂಲದ ಕಪ್ಪೆಗಳ ಗಾಯಗಳು ಶುದ್ಧವಲ್ಲದ ನೀರಿನಲ್ಲೂ ಕೀವುಗಟ್ಟದೆ ಮಾಯುವುದನ್ನು ಕಂಡರು. 1987ರಲ್ಲಿ ಆ ಕಪ್ಪೆಗಳ ಚರ್ಮದಿಂದ ಮ್ಯಾಗೈನಿನ್ ಎಂಬ ಸೂಕ್ಷ್ಮಜೀವಿನಾಶಕ ಪೆಪ್ಟೈಡ್‌ಗಳನ್ನು ಬೇರ್ಪಡಿಸಿದರು. ಚರ್ಮದ ಮೇಲಿನ ಬ್ಯಾಕ್ಟೀರಿಯಾಗಳೂ ಇದೇ ರಕ್ಷಣೆಯ ಪಾಲುದಾರರಾಗಿರಬಹುದೆಂಬ ವಿಚಾರ ಬಲಗೊಳ್ಳಲು ಇನ್ನಷ್ಟು ಕಾಲ ಹಿಡಿಯಿತು.

ಕೈಟ್ರಿಡ್ ರೋಗದ ಪತ್ತೆ

1989ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಯಲ್ಲಿ ಸೇರಿದ ಮೊದಲ ವಿಶ್ವ ಉರಗ-ಉಭಯವಾಸಿ ವಿಜ್ಞಾನ ಸಮ್ಮೇಳನದಲ್ಲಿ ಬೇರೆ ಬೇರೆ ದೇಶಗಳ ವಿಜ್ಞಾನಿಗಳು ತಂತಮ್ಮ ಕಡೆ ಕಪ್ಪೆಗಳು ಕಾಣೆಯಾಗುತ್ತಿರುವುದನ್ನು ಹೇಳಿಕೊಂಡರು. ಆಸ್ಟ್ರೇಲಿಯಾ ಮತ್ತು ಮಧ್ಯ ಅಮೆರಿಕದ ಮಳೆಕಾಡುಗಳಲ್ಲಿ ನಡೆದ ಸಾವುಗಳಿಗೆ ಕೈಟ್ರಿಡ್ ಗುಂಪಿನ ಶಿಲೀಂಧ್ರವೊಂದು ಕಾರಣವೆಂದು 1998ರಲ್ಲಿ ಪ್ರಕಟವಾಯಿತು. ಮರುವರ್ಷ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದ ನೀಲಿ ವಿಷಕಪ್ಪೆಯಿಂದ ಅದನ್ನು ಬೇರ್ಪಡಿಸಿ ಬ್ಯಾಟ್ರಕೋಕೈಟ್ರಿಯಮ್ ಡೆಂಡ್ರೊಬಟೈಡಿಸ್ ಎಂದು ಹೆಸರಿಸಲಾಯಿತು. ಈ ಶಿಲೀಂಧ್ರ ಚರ್ಮದ ಹೊರಪದರದಲ್ಲಿ ಬೆಳೆದು ಲವಣಗಳ ಸಾಗಾಟವನ್ನು ಕೆಡಿಸುತ್ತದೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಕುಸಿದು ಹೃದಯ ನಿಲ್ಲುತ್ತದೆ ಎಂದು 2009ರಲ್ಲಿ ಸ್ಪಷ್ಟವಾಯಿತು. 2019ರ ಒಂದು ಸಮೀಕ್ಷೆಯ ಪ್ರಕಾರ ಕೈಟ್ರಿಡ್ ರೋಗದಿಂದ 501 ಉಭಯವಾಸಿ ಪ್ರಭೇದಗಳು ಕ್ಷೀಣಿಸಿವೆ. ಅವುಗಳಲ್ಲಿ 90 ನಾಶವಾಗಿವೆಯೆಂದು ಭಾವಿಸಲಾಗಿದೆ.

ರಕ್ಷಕ ಬ್ಯಾಕ್ಟೀರಿಯಾಗಳು

ಒಂದೇ ಶಿಲೀಂಧ್ರ ಕೆಲವೆಡೆ ಕಪ್ಪೆಗಳನ್ನು ಅಳಿಸಿಹಾಕಿ, ಕೆಲವೆಡೆ ಉಳಿಸಿದ್ದೇಕೆ ಎಂಬ ಪ್ರಶ್ನೆ ಸಂಶೋಧಕರನ್ನು ಬ್ಯಾಕ್ಟೀರಿಯಾಗಳತ್ತ ತಿರುಗಿಸಿತು. ವರ್ಜೀನಿಯಾದ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದಲ್ಲಿ ರೀಡ್ ಹ್ಯಾರಿಸ್ ಮತ್ತು ಸಂಗಡಿಗರು ಮೊದಲು ಕಪ್ಪೆಯ ಬಂಧುಗಳಾದ ಸಾಲಮ್ಯಾಂಡರ್‌ಗಳನ್ನು ಪರೀಕ್ಷಿಸಿದರು. ಕೆಂಬೆನ್ನಿನ ಸಾಲಮ್ಯಾಂಡರಿನ ಚರ್ಮದಲ್ಲಿ ದೊರೆತ ಜ್ಯಾಂಥಿನೋಬ್ಯಾಕ್ಟೀರಿಯಂ ಲಿವಿಡಮ್ ಎಂಬ ಬ್ಯಾಕ್ಟೀರಿಯಾ ವಯೋಲಾಸೀನ್ ಎಂಬ ನೇರಳೆ ವರ್ಣದ್ರವ್ಯವನ್ನು ತಯಾರಿಸುತ್ತದೆ, ಅದು ಕೈಟ್ರಿಡ್‌ನ ಬೆಳವಣಿಗೆಯನ್ನು ತಡೆಯುತ್ತದೆ ಎಂದು 2008ರಲ್ಲಿ ತಿಳಿಯಿತು.

2009ರಲ್ಲಿ ಇದೇ ಬ್ಯಾಕ್ಟೀರಿಯಾವನ್ನು ಕ್ಯಾಲಿಫೋರ್ನಿಯಾದ ಹಳದಿಗಾಲಿನ ಬೆಟ್ಟಗಪ್ಪೆಗಳ ಚರ್ಮಕ್ಕೆ ಸೇರಿಸಿ, ಬಳಿಕ ಅವುಗಳನ್ನು ಶಿಲೀಂಧ್ರಕ್ಕೆ ಒಡ್ಡಲಾಯಿತು. ಬ್ಯಾಕ್ಟೀರಿಯಾ ಪಡೆದ ಕಪ್ಪೆಗಳು ರೋಗಕ್ಕೆ ತುತ್ತಾಗದೆ ಉಳಿದವು. ಅವುಗಳ ಚರ್ಮದಲ್ಲಿ ವಯೋಲಾಸೀನ್ ಅಧಿಕವಾಗಿತ್ತು. ಕಪ್ಪೆಯ ಜನ್ಮಜಾತ ರೋಗನಿರೋಧಕ ವ್ಯವಸ್ಥೆಯಲ್ಲಿ ಬ್ಯಾಕ್ಟೀರಿಯಾಗಳಿಗೂ ಸ್ಥಾನವಿದೆ ಎಂಬುದಕ್ಕೆ ಈ ಪ್ರಯೋಗ ಗಟ್ಟಿ ಆಧಾರವಾಯಿತು. ಸಿಯೆರಾ ನೆವಾಡಾ ಪರ್ವತಗಳಲ್ಲಿ ರೋಗದ ನಡುವೆಯೂ ಉಳಿದುಕೊಂಡ ಕಪ್ಪೆಗಳ ಗುಂಪಿನಲ್ಲಿ ಶಿಲೀಂಧ್ರನಿರೋಧಕ ಬ್ಯಾಕ್ಟೀರಿಯಾ ಹೊತ್ತವುಗಳ ಪಾಲು ಹೆಚ್ಚೆಂದು 2010ರ ಅಧ್ಯಯನ ತೋರಿಸಿತು.

ಮಿತಿಗಳು

ಈ ಯಶಸ್ಸು ಎಲ್ಲೆಡೆ ಮರುಕಳಿಸಲಿಲ್ಲ. ಪನಾಮಾದ ಹೊಂಗಪ್ಪೆಗಳ ಮೇಲೆ ಅದೇ ಬ್ಯಾಕ್ಟೀರಿಯಾ ಮೊದಲು ನೆಲೆ ಕಂಡರೂ ಬಹುಕಾಲ ನಿಲ್ಲಲಿಲ್ಲ. ಕಪ್ಪೆಗಳು ಸತ್ತವೆಂದು 2011ರಲ್ಲಿ ವರದಿಯಾಯಿತು. 2015ರ ಮತ್ತೊಂದು ಪ್ರಯೋಗದಲ್ಲಿ ಪನಾಮಾದ್ದೇ ಬೇರೆ ಬ್ಯಾಕ್ಟೀರಿಯಾಗಳೂ ಫಲ ಕೊಡಲಿಲ್ಲ. ಆದರೆ ಸೋಂಕನ್ನು ಗೆದ್ದು ಉಳಿದ ಕೆಲವು ಕಪ್ಪೆಗಳ ಚರ್ಮದ ಬ್ಯಾಕ್ಟೀರಿಯಾ ಸಮುದಾಯ ಮೊದಲಿನಿಂದಲೇ ಭಿನ್ನವಾಗಿತ್ತು. ರಕ್ಷಣೆ ಒಂದೇ ಜಾತಿಯ ಬ್ಯಾಕ್ಟೀರಿಯಾದಿಂದ ಆಗುವಂಥದ್ದಲ್ಲ, ಇಡೀ ಸಮುದಾಯದ ಕೂಡುಗೆಲಸ ಎಂಬ ತಿಳಿವಳಿಕೆ ಇಲ್ಲಿಂದ ಬೇರೂರಿತು.

ಡಿಎನ್‌ಎ ಅನುಕ್ರಮ ಓದುವ ವಿಧಾನಗಳು ಪ್ರಯೋಗಾಲಯದಲ್ಲಿ ಬೆಳೆಸಲಾಗದ ಬ್ಯಾಕ್ಟೀರಿಯಾಗಳನ್ನೂ ಬೆಳಕಿಗೆ ತಂದವು. ಒಂದೇ ಕೊಳದಲ್ಲಿ ವಾಸಿಸುವ ಬೇರೆ ಬೇರೆ ಉಭಯವಾಸಿಗಳ ಚರ್ಮದಲ್ಲಿ ಬೇರೆ ಬೇರೆ ಸಮುದಾಯಗಳಿವೆ ಎಂದು 2012ರಲ್ಲಿ ಅಮೆರಿಕದ ಕೊಲರಾಡೊದಲ್ಲಿ ಕಂಡುಬಂತು. ಗಂಡು ಗಾಜುಗಪ್ಪೆ ಮೊಟ್ಟೆಗಳನ್ನು ಕಾಯುವಾಗ ತನ್ನ ಬ್ಯಾಕ್ಟೀರಿಯಾಗಳನ್ನು ಅವುಗಳಿಗೆ ದಾಟಿಸುವ ಸಾಧ್ಯತೆಯನ್ನೂ ಸಂಶೋಧನೆಗಳು ಸೂಚಿಸಿವೆ. ನಂಟು ರೋಗರಕ್ಷಣೆಗಷ್ಟೇ ಸೀಮಿತವಲ್ಲ: ದಕ್ಷಿಣ ಅಮೆರಿಕದ ಒಂದು ಮರಗಪ್ಪೆಯಲ್ಲಿ ಗಂಡು-ಹೆಣ್ಣುಗಳ ವಾಸನೆಯ ವ್ಯತ್ಯಾಸದ ಹಿಂದೆ ಚರ್ಮದ ಸ್ಯೂಡೋಮೋನಾಸ್ ಬ್ಯಾಕ್ಟೀರಿಯಾಗಳಿರಬಹುದೆಂದು 2019ರಲ್ಲಿ ಪ್ರಕಟವಾಯಿತು.

ಪಶ್ಚಿಮಘಟ್ಟ ಮತ್ತು ಸಂರಕ್ಷಣೆ

ಕೈಟ್ರಿಡ್ ಶಿಲೀಂಧ್ರ ಪಶ್ಚಿಮಘಟ್ಟದ ಕಪ್ಪೆಗಳಲ್ಲೂ ಇರುವುದು 2010ರ ದಶಕದ ಆರಂಭದಲ್ಲಿ ದೃಢಪಟ್ಟಿತು. ಆದರೆ ಆಸ್ಟ್ರೇಲಿಯಾ, ಪನಾಮಾಗಳಲ್ಲಿ ಕಂಡಂಥ ಸಾಮೂಹಿಕ ಸಾವು ಇಲ್ಲಿ ದಾಖಲಾಗಿಲ್ಲ. ಶಿಲೀಂಧ್ರದ ಮೂಲ ಪೂರ್ವ ಏಷ್ಯಾ ಎಂದು 2018ರ ಜಾಗತಿಕ ವಂಶವಾಹಿ ಅಧ್ಯಯನ ಗುರುತಿಸಿದೆ. ಅಲ್ಲಿನ ಕಪ್ಪೆಗಳು ಬಹುಕಾಲದಿಂದ ಅದರೊಡನೆ ಬಾಳಿಬಂದಿವೆ.

ಕಪ್ಪೆ ತನ್ನ ಬ್ಯಾಕ್ಟೀರಿಯಾಗಳಲ್ಲಿ ಹಲವನ್ನು ಸುತ್ತಲಿನ ಮಣ್ಣು ಮತ್ತು ನೀರಿನಿಂದ ಪಡೆಯುತ್ತದೆ. ಆ ಸಂಪರ್ಕವಿಲ್ಲದೆ ಸಾಕಿದ ಪ್ರಾಣಿಗಳಲ್ಲಿ ಈ ಸಮುದಾಯ ಬದಲಾಗುವುದು ಕಂಡುಬಂದಿದೆ. ಹೀಗಾಗಿ ಅಳಿವಿನಂಚಿನ ಪ್ರಭೇದಗಳನ್ನು ಮೃಗಾಲಯದಲ್ಲಿ ಸಾಕಿ ಕಾಡಿಗೆ ಮರಳಿಸುವ ಯೋಜನೆಗಳು ಕಪ್ಪೆಗಳ ಸಂಖ್ಯೆಯ ಜೊತೆಗೆ ಅವುಗಳ ಬ್ಯಾಕ್ಟೀರಿಯಾಗಳನ್ನೂ ಕಾಪಾಡಬೇಕಾಗಿದೆ. ತೊರೆ, ಜೌಗು, ಕಾಡಿನ ನೆಲ ಉಳಿದರೆ ಮಾತ್ರ ಆ ಬ್ಯಾಕ್ಟೀರಿಯಾಗಳ ಮೂಲ ಉಳಿಯುತ್ತದೆ. ಕಪ್ಪೆಯ ಸಂರಕ್ಷಣೆ ಅದರ ನೆಲೆಯ ಸಂರಕ್ಷಣೆಯಿಂದ ಬೇರೆಯಲ್ಲ ಎಂಬ ಹಳೆಯ ವಾದಕ್ಕೆ ಸೂಕ್ಷ್ಮಜೀವಿ ವಿಜ್ಞಾನ ಒದಗಿಸಿರುವ ಬಲವಾದ ಸಮರ್ಥನೆ ಇದು.