ಸದಾರಮೆಯ ಕಳ್ಳನನ್ನು ನೋಡಿದವರು ಯಾರು?

ನಾನು ಮದುವೆಯಾಗಿ ಹೊನ್ನವಳ್ಳಿಗೆ ಬಂದದ್ದು 1978ರಲ್ಲಿ. ಸಾಗರದ ಕಡೆಯ ಅಡಿಕೆ ತೋಟದಿಂದ ತಿಪಟೂರು ಸೀಮೆಯ ತೆಂಗಿನ ತೋಟಕ್ಕೆ. ಮರ ಬದಲಾದದ್ದು ನನಗೆ ಅಂಥ ಕಷ್ಟವೇನೂ ಆಗಲಿಲ್ಲ. ಮಾತು ಬದಲಾದದ್ದೇ ಕಷ್ಟವಾಯಿತು. ಎರಡೂ ಕಡೆ ಕನ್ನಡವೇ. ಆದರೂ ಒಂದು ಮನೆಯ ಕನ್ನಡದಲ್ಲಿ ಆ ಮನೆಯವರಿಗೆ ಮಾತ್ರ ಕೇಳಿಸುವ ಇನ್ನೊಂದು ಕನ್ನಡ ಇರುತ್ತದಲ್ಲ, ಅದು ನನಗೆ ತಿಳಿಯುತ್ತಿರಲಿಲ್ಲ.

ಬಂದು ತಿಂಗಳಾಗಿರಬಹುದು. ದೂರದ ನೆಂಟರೊಬ್ಬರು ಬಂದರು. ಕಾಫಿ ಹೊಗಳಿದರು, ಹಸು ಹೊಗಳಿದರು, ನಮ್ಮ ಮಾವನವರ ಮೀಸೆಯನ್ನೂ ಬಿಡದೆ ಹೊಗಳಿದರು. ಮನೆಮಂದಿಯನ್ನೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಗಿಸಿ, ಹೋಗುವಾಗ ಇನ್ನೂರು ಕಾಯಿ ಕೈಗಡವಾಗಿ ಗಾಡಿಗೆ ಹಾಕಿಸಿಕೊಂಡು ಹೋದರು. ಅವರು ಬೀದಿ ತಿರುಗಿದ ಮೇಲೆ ಮಾವನವರು ಜಗಲಿಯಿಂದಲೇ, ‘ಸದಾರಮೆ ಕಳ್ಳ ಬಂದು ಹೋದ’ ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಂದು ಗಳಿಗೆ ತಡವಾಗಿ. ನನ್ನ ನಾದಿನಿಗೆ ಅಷ್ಟು ಸಾಕಾಯಿತು. ‘ಅತ್ತಿಗೆಗೆ ಸದಾರಮೆನೇ ಗೊತ್ತಿಲ್ಲ!’ ಎಂದಳು. ಈಗ ಎರಡನೆಯ ನಗು ಎದ್ದಿತು. ಮೊದಲನೆಯದು ಕಳ್ಳನ ಮೇಲಿನ ನಗು, ಇದು ನನ್ನ ಮೇಲಿನದು.

ಹೊಸ ಮನೆಯಲ್ಲಿ ಉಪ್ಪಿನ ಡಬ್ಬ ಎಲ್ಲಿದೆ ಎಂದು ಕೇಳಬಹುದು, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ‘ನೀವೆಲ್ಲ ಯಾಕೆ ನಗುತ್ತಿದ್ದೀರಿ’ ಎಂದು ಕೇಳುವುದು ಎಷ್ಟು ಕಷ್ಟ ಅಂತ ಸೊಸೆಯಾಗಿ ಬಂದವರಿಗೆಲ್ಲ ಗೊತ್ತು. ನನ್ನ ತವರಿನಲ್ಲಿ ಯಕ್ಷಗಾನದ ಮಾತುಗಳು. ಯಾರಾದರೂ ತಡವಾಗಿ, ಠೀವಿಯಿಂದ ಒಳಗೆ ಬಂದರೆ ನಮ್ಮಪ್ಪ ‘ಒಡ್ಡೋಲಗ ಆಯಿತೇ?’ ಎನ್ನುತ್ತಿದ್ದರು. ಅದೇ ಮಾತನ್ನು ನಾನು ಇಲ್ಲಿ ಒಮ್ಮೆ ಆಡಿದಾಗ ಒಬ್ಬರೂ ನಗಲಿಲ್ಲ. ನನ್ನ ಮಾತು ಅವರಿಗೆ ಬೇಡ, ಅವರ ಮಾತು ನನಗೆ ಬಾರದು ಎನ್ನುವಂತಾಗಿತ್ತು.

ಸದಾರಮೆ ಎಂದರೆ ಈ ಸೀಮೆಯವರಿಗೆ ಬರೀ ಒಂದು ನಾಟಕವಲ್ಲ. ತಿಪಟೂರಿನಿಂದ ತುಮಕೂರಿಗೆ ರೈಲಿನಲ್ಲಿ ಹೋಗುವಾಗ ಸಿಗುವ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿ ಇವರ ಪಾಲಿಗೆ ಮನೆಯ ಕಂಪನಿ ಇದ್ದಂತೆ. ಅದನ್ನು ನಾಡಿಗೆಲ್ಲ ಹೆಸರಾಗಿಸಿದವರು 1891ರಲ್ಲಿ ಹುಟ್ಟಿದ ಗುಬ್ಬಿ ವೀರಣ್ಣನವರು. ಮೈಸೂರಿನ ಮಹಾರಾಜರಿಂದ ‘ನಾಟಕರತ್ನ’ ಎನ್ನಿಸಿಕೊಂಡವರು. 1934ರಲ್ಲಿ ಬೆಂಗಳೂರಿನಲ್ಲಿ ‘ಕುರುಕ್ಷೇತ್ರ’ ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು. ಅಷ್ಟೆಲ್ಲ ವೈಭವ ಮಾಡಿದವರು ಜನರ ಬಾಯಲ್ಲಿ ಉಳಿದದ್ದು ಮಾತ್ರ ‘ಸದಾರಮೆ’ಯ ಕಳ್ಳನಾಗಿ. ನಗಿಸುತ್ತ ನಗಿಸುತ್ತಲೇ ಕದಿಯುವ ಕಳ್ಳ. ರಾಜಕುಮಾರನ ಪಾತ್ರ ಮಾಡಿದವರನ್ನು ಜನ ಮರೆತರು, ಕಳ್ಳನನ್ನು ಮರೆಯಲಿಲ್ಲ.

ಆ ಕಂಪನಿಯಿಂದ ಹೊರಟ ದಾರಿ ಸಿನಿಮಾಕ್ಕೂ ಹೋಯಿತು. ಕಂಪನಿಗೆ ನಾಟಕ ಬರೆದುಕೊಡುತ್ತಿದ್ದ ಬೆಳ್ಳಾವೆ ನರಹರಿಶಾಸ್ತ್ರಿಗಳೇ 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ಕ್ಕೆ ಮಾತು ಬರೆದರು. ಕಂಪನಿಯಲ್ಲಿ ಪಳಗಿದ ರಾಜ್‌ಕುಮಾರ್, ತಿಪಟೂರಿನವರೇ ಆದ ನರಸಿಂಹರಾಜು, ಇಬ್ಬರೂ 1954ರ ‘ಬೇಡರ ಕಣ್ಣಪ್ಪ’ದಲ್ಲಿ ಹೆಸರು ಮಾಡಿದರು. ಹಾಗಾಗಿ ಇಲ್ಲಿಯ ಜನ ಸಿನಿಮಾ ನೋಡುವಾಗಲೂ ಕಂಪನಿ ನಾಟಕವನ್ನೇ ನೆನೆಯುತ್ತಿದ್ದರು. ವೀರಣ್ಣನವರು 1972ರಲ್ಲಿ ತೀರಿಕೊಂಡರು. ನಾನು ಹೊನ್ನವಳ್ಳಿಗೆ ಬರುವ ಹೊತ್ತಿಗೆ ಅವರ ಕಳ್ಳ ರಂಗದ ಮೇಲೆ ಇರಲಿಲ್ಲ. ಮನೆಮನೆಯ ಜಗಲಿಯ ಮೇಲೆ ಇದ್ದ.

ಒಂದು ಮಧ್ಯಾಹ್ನ, ನಾನೂ ನಮ್ಮತ್ತೆಯೂ ಅಟ್ಟದಿಂದ ಇಳಿಸಿದ ಕಾಯಿಗಳ ಮುಂದೆ ಕುಳಿತಿದ್ದೆವು. ನಮ್ಮ ಕಡೆ ಕೊಬ್ಬರಿಗೆಂದು ಅಟ್ಟಕ್ಕೇರಿಸಿದ ಕಾಯಿ ಸುಮಾರು ವರ್ಷಕಾಲ ಅಲ್ಲೇ ಇರುತ್ತದೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು, ಕಿವಿಯ ಬಳಿ ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ಹಾಗೆ ಅಲ್ಲಾಡಿಸುತ್ತ ಧೈರ್ಯ ಮಾಡಿ ಕೇಳಿದೆ. ‘ಅತ್ತೆ, ಸದಾರಮೆ ನಾಟಕ ಚೆನ್ನಾಗಿತ್ತಾ? ನೀವು ಎಷ್ಟು ಸಲ ನೋಡಿದ್ರಿ?’

ಅತ್ತೆ ನನ್ನ ಮುಖ ನೋಡಿದರು. ‘ನಾನೆಲ್ಲಿ ನೋಡ್ಲವ್ವ! ತಿಪಟೂರಲ್ಲಿ ಕಂಪನಿ ಕ್ಯಾಂಪು ಹಾಕಿದ್ರೆ ಗಂಡಸ್ರು ಗಾಡಿ ಕಟ್ಕೊಂಡು ಹೋಗೋರು. ನಾನು ಬುತ್ತಿ ಕಟ್ಕೊಡ್ತಿದ್ದೆ. ಹಸ ಕರೆಯೋರು ಬೇಡ್ವಾ, ಮಕ್ಕಳಿಗೆ ಯಾರು?’

ನಾನು ದಂಗಾದೆ. ಹಾಗಾದರೆ ಅಷ್ಟು ಮನಸಾರೆ ನಗುತ್ತಿದ್ದದ್ದು? ‘ಕೇಳಿದ್ದೀನಲ್ಲ!’ ಎಂದರು ಅತ್ತೆ. ನೋಡಿ ಬಂದ ಗಂಡಸರು ಮರುದಿನ ಜಗಲಿಯಲ್ಲಿ ಕಥೆ ಹೇಳುವಾಗ ಬಾಗಿಲ ಸಂದಿಯಲ್ಲಿ ನಿಂತು ಕೇಳಿದ್ದು, ಅದನ್ನು ನಮ್ಮ ಅಜ್ಜಿ ಅತ್ತೆ ಕಾಯಿ ತುರಿಯುತ್ತ ಸೊಸೆಯಂದಿರಿಗೆ ಹೇಳಿದ್ದು, ಆ ಸೊಸೆಯಂದಿರು ಮಕ್ಕಳಿಗೆ ಹೇಳಿದ್ದು. ನನ್ನನ್ನು ನೋಡಿ ನಕ್ಕ ನಾದಿನಿಯೂ ಸದಾರಮೆ ನೋಡಿರಲಿಲ್ಲ! ಆ ಮನೆಯಲ್ಲಿ ನೋಡಿದವರು ಮಾವನವರು ಒಬ್ಬರೇ.

ಅಂದು ಅತ್ತೆ ನನಗೆ ಇಡೀ ಕಥೆ ಹೇಳಿದರು. ಗಂಡಸರು ಹೇಳುವಾಗ ಕಥೆಯ ತುಂಬ ಕಳ್ಳನೇ. ಅತ್ತೆ ಹೇಳಿದಾಗ ಕಥೆಯ ತುಂಬ ಸದಾರಮೆ. ಕಳ್ಳನ ಕೈಗೆ ಸಿಕ್ಕವಳು ಬುದ್ಧಿಯಿಂದ ಪಾರಾಗುತ್ತಾಳೆ, ಗಂಡುವೇಷ ತೊಟ್ಟು ಊರೂರು ದಾಟುತ್ತಾಳೆ, ಕೊನೆಗೆ ಗಂಡನನ್ನು ಸೇರುತ್ತಾಳೆ. ನಡುವೆ ಅವಳು ಆ ಕಳ್ಳನಿಂದ ಒಂದು ರಾಶಿ ತೆಂಗಿನಕಾಯಿ ಸುಲಿಸುತ್ತಾಳೆ. ಎಷ್ಟೋ ವರ್ಷಗಳ ನಂತರ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ನಾನು ಹೋಗಿ ನೋಡಿದೆ. ಕಾಯಿ ಸುಲಿಸುವ ದೃಶ್ಯಕ್ಕಾಗಿ ಕೊನೆಯವರೆಗೂ ಕಾದೆ. ಬರಲೇ ಇಲ್ಲ. ಅದು ನಮ್ಮ ಅಡಿಗೆಮನೆಯಲ್ಲಿ ಸೇರಿಕೊಂಡ ದೃಶ್ಯ.

ಕಥೆ ಮುಗಿದ ಮೇಲೆ ಅತ್ತೆ, ‘ನೀನು ಅವತ್ತು ಏನೋ ಅಂದ್ಯಲ್ಲ, ಒಡ್ಡೋಲಗ ಅಂತ, ಅದೇನವ್ವ?’ ಎಂದು ಕೇಳಿದರು. ಯಕ್ಷಗಾನದ ಪಾತ್ರಗಳು ಮೊದಲ ಸಲ ರಂಗಕ್ಕೆ ಬರುವ ವೈಖರಿಯನ್ನು ಹೇಳಿದೆ, ಎದ್ದು ನಿಂತು ನಾಲ್ಕು ಹೆಜ್ಜೆ ಹಾಕಿಯೂ ತೋರಿಸಿದೆ. ವಾರದೊಳಗೆ ಆ ಮಾತು ಹೊನ್ನವಳ್ಳಿಯ ಮನೆಯ ಮಾತಾಯಿತು. ಮಾವನವರು ತೋಟದಿಂದ ಬಂದರೆ ಅತ್ತೆ ಒಳಗಿನಿಂದಲೇ ‘ಒಡ್ಡೋಲಗ ಬಂತು, ತಟ್ಟೆ ಹಾಕು’ ಎನ್ನುತ್ತಿದ್ದರು.

ಇಷ್ಟೆಲ್ಲ ಅನುಭವಿಸಿದ ನಾನು ಒಳ್ಳೆಯ ಅತ್ತೆಯಾದೆ ಎಂದುಕೊಂಡಿರಾ? ಕೇಳಿ.

ನನ್ನ ಕಾಲದ ‘ಸದಾರಮೆ’ ಎಂದರೆ ‘ನಾಗರಹಾವು’. 1972ರ ಕೊನೆಯಲ್ಲಿ ತೆರೆಗೆ ಬಂದ ಪುಟ್ಟಣ್ಣ ಕಣಗಾಲರ ಚಿತ್ರ. ಚಿತ್ರದುರ್ಗದ ಕಲ್ಲುಬಂಡೆಗಳು, ರಾಮಾಚಾರಿಯಾಗಿ ವಿಷ್ಣುವರ್ಧನ್, ಚಾಮಯ್ಯ ಮೇಷ್ಟ್ರಾಗಿ ಅಶ್ವತ್ಥ್, ಅಲಮೇಲುವಾಗಿ ಆರತಿ. ನಮ್ಮ ವಯಸ್ಸಿನ ಹೆಣ್ಣುಮಕ್ಕಳಿಗೆ ಅದು ಬರೀ ಸಿನಿಮಾ ಆಗಿರಲಿಲ್ಲ. ಮೂಗಿನ ತುದಿಯಲ್ಲಿ ಕೋಪವಿರುವ ಹುಡುಗನಿಗೆಲ್ಲ ರಾಮಾಚಾರಿ ಎಂದೇ ಹೆಸರು. ಆ ಹೆಸರು ಮುಂದೆ ಸಿನಿಮಾಗಳಿಗೂ ಬಂತು. 1991ರಲ್ಲಿ ರವಿಚಂದ್ರನ್ ‘ರಾಮಾಚಾರಿ’ಯಾದರು, ಕಥೆ ಬೇರೆ. ಅಂಬರೀಷ್ ಜಲೀಲನಾಗಿ ಆಡಿದ ಒಂದು ಮಾತು 2013ರಲ್ಲಿ ‘ಬುಲ್‌ಬುಲ್’ ಎನ್ನುವ ಚಿತ್ರಕ್ಕೆ ಹೆಸರಾಯಿತು. 2014ರ ಕೊನೆಯಲ್ಲಿ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಬಂತು. ಅದರ ನಾಯಕ ವಿಷ್ಣುವರ್ಧನರ ಅಭಿಮಾನಿ.

ಈ ಕೊನೆಯ ಚಿತ್ರವನ್ನು ಮನೆಯವರೆಲ್ಲ ಟಿ.ವಿ.ಯಲ್ಲಿ ನೋಡುತ್ತಿದ್ದೆವು. ನನ್ನ ಮಗನ ಮದುವೆಯಾಗಿ ಕೆಲವೇ ತಿಂಗಳಾಗಿತ್ತು. ಸೊಸೆ ಗದಗಿನ ಕಡೆಯವಳು. ಹಳೆಯ ಚಿತ್ರದ ನೆರಳು ಕಂಡಲ್ಲೆಲ್ಲ ನಾನೂ ನಾದಿನಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುವುದು, ‘ಚಾಮಯ್ಯ ಮೇಷ್ಟ್ರು ನೆನಪಾದ್ರು’ ಎನ್ನುವುದು. ಸೊಸೆ ಮೆಲ್ಲಗೆ, ‘ನಾ ನೋಡಿಲ್ರೀ ಅತ್ತಿ ನಾಗರಹಾವು’ ಎಂದಳು. ನನ್ನ ಬಾಯಿಂದ ತಟ್ಟನೆ ಹೊರಟಿತು: ‘ಅಯ್ಯೋ, ನಾಗರಹಾವು ನೋಡದೆ ಇದನ್ನ ನೋಡಿ ಏನು ಅರ್ಥವಾಗುತ್ತೆ ನಿನಗೆ?’

ಅವಳು ನಕ್ಕಳು. ಒಂದು ಗಳಿಗೆ ತಡವಾಗಿ. ಆ ನಗುವನ್ನು ನಾನು ಎಲ್ಲಿ ನೋಡಿದ್ದೆ ಎಂದು ಹೇಳಬೇಕಾಗಿಲ್ಲ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯೋಚಿಸಿದೆ. ನಾನು ಹೆಮ್ಮೆಪಡುವ ‘ನಾಗರಹಾವು’ ಕೂಡ ತಾನಾಗಿ ಹುಟ್ಟಿದ್ದಲ್ಲ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳಿಂದ ಹೆಣೆದದ್ದು. ತಮ್ಮ ನಾಗರಹಾವನ್ನು ಸಿನಿಮಾದವರು ಕೆರೆಹಾವು ಮಾಡಿದರೆಂದು ತ.ರಾ.ಸು. ಬೇಸರಪಟ್ಟ ಸಂಗತಿ ಪ್ರಸಿದ್ಧವೇ ಆಗಿದೆ. ಕಾದಂಬರಿ ಓದಿದವರು ನನ್ನನ್ನು ನೋಡಿ, ‘ಓದದೆ ಬರೀ ಸಿನಿಮಾ ನೋಡಿ ನಿನಗೇನು ಅರ್ಥವಾಗುತ್ತೆ’ ಎನ್ನಬಹುದಿತ್ತು. ಕಂಪನಿಯ ‘ಕುರುಕ್ಷೇತ್ರ’ಕ್ಕೆ ಚಪ್ಪಾಳೆ ತಟ್ಟಿದವರನ್ನು ಕುಮಾರವ್ಯಾಸನನ್ನು ಓದಿದವರು ಹೀಗಳೆಯಬಹುದಿತ್ತು. ಅವರನ್ನು ಪಂಪ ರನ್ನರನ್ನು ಓದಿದವರು, ಅವರನ್ನು ಸಂಸ್ಕೃತ ಬಲ್ಲವರು. ಹೀಗೆ ಹಿಂದೆ ಹಿಂದೆ ಹೋದರೆ ಒಳಗೆ ಕೂರಲು ಯೋಗ್ಯರಾದವರು ಒಬ್ಬರೂ ಉಳಿಯುವುದಿಲ್ಲ.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. ಗಮಕವಾಚನ ನೋಡಿ. ಒಬ್ಬರು ಕುಮಾರವ್ಯಾಸ ಭಾರತವನ್ನು ರಾಗವಾಗಿ ಓದುತ್ತಾರೆ. ಪಕ್ಕದಲ್ಲಿ ಕುಳಿತ ಇನ್ನೊಬ್ಬರು ಅರ್ಥ ಹೇಳುತ್ತಾರೆ. ‘ಓದಿಕೊಂಡು ಬಂದವರು ಮಾತ್ರ ಕೂತುಕೊಳ್ಳಿ’ ಎಂದು ಯಾರೂ ಹೇಳುವುದಿಲ್ಲ. ಗೊತ್ತಿಲ್ಲದವರು ಬಂದೇ ಬರುತ್ತಾರೆಂದು ತಿಳಿದೇ ವ್ಯಾಖ್ಯಾನಕಾರರಿಗೆ ಒಂದು ಮಣೆ ಹಾಕಿಟ್ಟಿದ್ದಾರೆ. ಹಳೆಯದನ್ನು ಬಲ್ಲ ನಾವು ಕೂರಬೇಕಾದದ್ದು ಆ ಮಣೆಯ ಮೇಲೆ. ಬಾಗಿಲ ಬಳಿ ನಿಂತು ಟಿಕೆಟ್ ಕೇಳುವ ಕೆಲಸ ನಮ್ಮದಲ್ಲ.

ಹಾಗೆಂದು ಹೊಸದನ್ನು ಮಾಡುವವರ ಹೊಣೆ ತೀರಿತೆಂದಲ್ಲ. ಹಳೆಯದನ್ನು ನೆನೆಸುವುದು ನೋಡಿದವರಿಗೆ ಒಂದು ಹೆಚ್ಚಿನ ಸುಖ ಕೊಡಬೇಕು, ನೋಡದವರ ಕಾಲಿಗೆ ತೊಡರಬಾರದು. ರಾಜ್‌ಕುಮಾರ್ ಚಿತ್ರಗಳಲ್ಲಿ ಹೊನ್ನವಳ್ಳಿ ಕೃಷ್ಣ ಅವರು ಸಣ್ಣ ಪಾತ್ರದಲ್ಲಿ ಕಂಡರೂ ಸಾಕು, ನಮ್ಮೂರಿನವರಿಗೆ ಎಲ್ಲಿಲ್ಲದ ಸಂಭ್ರಮ. ಆ ಸಂಭ್ರಮ ಬೀದರಿನವರಿಗೆ ಇಲ್ಲ, ಆದರೆ ಕಥೆಯಲ್ಲಿ ಅವರಿಗೇನೂ ನಷ್ಟವಾಗುವುದಿಲ್ಲ. 1998ರಲ್ಲಿ ದೂರದರ್ಶನದಲ್ಲಿ ಬಂದ ‘ಮಾಯಾಮೃಗ’ದ ಹೊತ್ತಿಗೆ ನಾವು ಹೆಂಗಸರು ಕೆಲಸವನ್ನೆಲ್ಲ ಮುಗಿಸಿಟ್ಟು ಕೂರುತ್ತಿದ್ದೆವು. 2022ರಲ್ಲಿ ಟಿ.ಎನ್. ಸೀತಾರಾಮ್ ಅವರು ‘ಮತ್ತೆ ಮಾಯಾಮೃಗ’ ತಂದಾಗ ನನಗೆ ಹಳೆಯ ನೆಂಟರು ಬಂದಂತಾಯಿತು. ಸೊಸೆಗೆ ಅವರು ಹೊಸ ನೆಂಟರು. ಯಾರು ಯಾರೆಂದು ನಾನು ಹೇಳಿದೆ, ಆಮೇಲೆ ಅವಳೇ ಮಾತಾಡಿಸಿಕೊಂಡಳು.

ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ಕೇಳಿ ತಿಳಿದದ್ದು ಒಂದು ಮಾತನ್ನು ಅರ್ಥ ಮಾಡಿಕೊಳ್ಳಲು ಸಾಕು. ಒಂದು ಕೃತಿಯನ್ನು ತೂಗಿ ನೋಡಲು ಸಾಲದು. ‘ನಾಗರಹಾವು’ ಹೊಸ ತಂತ್ರದಲ್ಲಿ ಸಿಂಗಾರಗೊಂಡು 2018ರ ಜುಲೈನಲ್ಲಿ ಮತ್ತೆ ತೆರೆಗೆ ಬಂತು. ಸೊಸೆಯನ್ನು ಕರೆದುಕೊಂಡು ಹೋದೆ. ಕಥೆಯನ್ನು ಮೊದಲೇ ಹೇಳಿದ್ದೆ, ಚಾಮಯ್ಯ ಮೇಷ್ಟ್ರನ್ನು ದೇವರೆಂಬಂತೆ ವರ್ಣಿಸಿದ್ದೆ. ಚಿತ್ರ ಮುಗಿದು ಹೊರಗೆ ಬಂದ ಮೇಲೆ ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಅತ್ತಿ, ಮೇಷ್ಟ್ರ ಮಾತು ಕೇಳಿ ರಾಮಾಚಾರಿ ಅಲಮೇಲೂನ ಬಿಟ್ಟುಕೊಟ್ಟ. ಆಕಿನ್ನ ಒಬ್ಬರಾದ್ರೂ ಕೇಳಿದ್ರೇನ್ರೀ?’ ಎಂದಳು.

ನಲವತ್ತೈದು ವರ್ಷ ಆ ಚಿತ್ರವನ್ನು ಎದೆಯಲ್ಲಿಟ್ಟುಕೊಂಡಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅಶ್ವತ್ಥ್ ಅವರ ಮುಖ, ಆ ದನಿ, ಆ ಬಂಡೆಗಳು ನನ್ನನ್ನು ಕಟ್ಟಿಹಾಕಿದ್ದವು. ಅಲಮೇಲುವಿಗಾಗಿ ನಾನು ಅತ್ತಿದ್ದೆ, ಮೇಷ್ಟ್ರನ್ನು ಪ್ರಶ್ನಿಸಿರಲಿಲ್ಲ. ಅಭಿಮಾನಿಗೆ ಕಾಣದ್ದು ಹೊಸಬಳಿಗೆ ಕಂಡಿತು. ಅವಳನ್ನು ಅಂದಿನ ನಗೆಯಲ್ಲೇ ಹೊರಗೆ ನಿಲ್ಲಿಸಿಬಿಟ್ಟಿದ್ದರೆ ಈ ಮಾತು ನನಗೆ ಸಿಗುತ್ತಿರಲಿಲ್ಲ.

ಆಮೇಲೆ ಅವಳಿಗೆ ಸದಾರಮೆಯ ಕಥೆ ಹೇಳಿದೆ, ಕಾಯಿ ಸುಲಿಸುವ ದೃಶ್ಯವನ್ನೂ ಸೇರಿಸಿ. ಅವಳು ತನ್ನಜ್ಜನಿಂದ ಕೇಳಿದ್ದ, ಗದಗಿನ ಗರುಡ ಸದಾಶಿವರಾಯರ ‘ಎಚ್ಚಮನಾಯಕ’ದ ಕಥೆ ಹೇಳಿದಳು. ಅದನ್ನು ಅವಳೂ ನೋಡಿಲ್ಲ. ನೋಡದ ಇಬ್ಬರು ಹೆಂಗಸರು ಎರಡು ನಾಟಕಗಳನ್ನು ಅಡಿಗೆಮನೆಯಲ್ಲಿ ಕೊಟ್ಟು ತೆಗೆದುಕೊಂಡೆವು.

ಮೊನ್ನೆ ಮಧ್ಯಾಹ್ನ ಅವಳ ಫೋನು ಬಾರಿಸಿತು. ಬ್ಯಾಂಕಿನವನಂತೆ, ಖಾತೆ ನಿಂತುಹೋಗುತ್ತದಂತೆ, ಒಂದು ನಂಬರು ಬಂದಿದೆ ಹೇಳಿ ಎನ್ನುತ್ತಾನಂತೆ. ಅವಳು ನಾಲ್ಕು ಮಾತು ಕೇಳಿ ಫೋನು ಇಟ್ಟಳು. ಯಾರದು ಎಂದೆ.

‘ಸದಾರಮೆ ಕಳ್ಳರೀ ಅತ್ತಿ,’ ಎಂದಳು. ‘ಆದ್ರ ಇವ್ಗ ನಗಸಾಕ ಬರಂಗಿಲ್ಲ.’