ಕೀಲಿಮಣೆ, ಮೌಸ್, ಲೇಸರ್ ಪಾಯಿಂಟರ್: ಸುರಕ್ಷಿತ ಬಳಕೆ (ಹೊಸೂರು–ಕೃಷ್ಣಗಿರಿ ಪ್ರದೇಶ)

ಕಂಪ್ಯೂಟರಿಗೆ ಮಾಹಿತಿ ಊಡುವ ಕೀಲಿಮಣೆ, ಮೌಸ್, ಬಾರ್‌ಕೋಡ್ ಸ್ಕ್ಯಾನರ್‌ಗಳನ್ನೂ ತೆರೆಯತ್ತ ಬೊಟ್ಟುಮಾಡುವ ಲೇಸರ್ ಪಾಯಿಂಟರನ್ನೂ ಕೈಗೆ, ಕಣ್ಣಿಗೆ ಕೇಡಾಗದಂತೆ ಬಳಸುವ ಕ್ರಮ. ತಮಿಳುನಾಡಿನ ಹೊಸೂರು, ಡೆಂಕಣಿಕೋಟೆ, ತಳಿ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಒಟ್ಟಿಗೆ ಬಾಳುತ್ತ ಬಂದಿವೆ. 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಗೆ ಈ ಊರುಗಳು ಸೇರಿವೆ. ಒಂದೇ ಕೈ ಎರಡು ಮೂರು ಲಿಪಿಗಳನ್ನು ಅಚ್ಚಿಸಬೇಕಾಗಿ ಬರುವುದರಿಂದ ಇಲ್ಲಿ ಬೆರಳಿನ ದಣಿವನ್ನು ಬೇರೆಯಾಗಿಯೇ ನೋಡಬೇಕಾಗುತ್ತದೆ.

ಕೀಲಿವಿನ್ಯಾಸ ಮತ್ತು ಬೆರಳಿನ ಹೊರೆ

ಕನ್ನಡಕ್ಕೆ ಹೆಚ್ಚು ಬಳಕೆಯಲ್ಲಿರುವುದು ಕೆ.ಪಿ. ರಾವ್ ರೂಪಿಸಿದ, ‘ನುಡಿ’ ತಂತ್ರಾಂಶದ ಮೂಲಕ ಮನೆಮಾತಾದ ವಿನ್ಯಾಸ. ಇದರಲ್ಲಿ ಒತ್ತಕ್ಷರ ಮೂಡಬೇಕಾದರೆ ನಡುವೆ ‘ಎಫ್’ ಕೀಲಿ ಒತ್ತಬೇಕು. ದೀರ್ಘ ಸ್ವರ, ಮಹಾಪ್ರಾಣ, ಣಕಾರ, ಳಕಾರ, ಕೊನೆಗೆ ಅನುಸ್ವಾರಕ್ಕೂ ಶಿಫ್ಟ್ ಬೇಕು. ‘ಕೃಷ್ಣಗಿರಿ’ಗೆ ಒಂಬತ್ತು ಕೀಲಿ, ಎರಡು ಶಿಫ್ಟ್. ‘ಡೆಂಕಣಿಕೋಟೆ’ಗೆ ಹತ್ತು ಕೀಲಿ, ಮೂರು ಶಿಫ್ಟ್, ಆ ಮೂರು ಅಕ್ಷರಗಳೂ ಬಲಗೈ ಕಡೆಯವಾದ್ದರಿಂದ ಮೂರು ಸಲವೂ ಎಡಗೈ ಕಿರುಬೆರಳೇ ಚಾಚಿ ಶಿಫ್ಟ್ ಹಿಡಿಯಬೇಕು. ದಿನವಿಡೀ ಅಚ್ಚಿಸುವವರಿಗೆ ಎಡಗೈಯ ಹೊರಬದಿ ಮೊದಲು ನೋಯುವುದಕ್ಕೆ ಇದೂ ಒಂದು ಕಾರಣವಿರಬಹುದು.

1999ರಲ್ಲಿ ತಮಿಳುನಾಡು ಸರ್ಕಾರ ಒಪ್ಪಿದ ‘ತಮಿಳ್99’ ವಿನ್ಯಾಸದಲ್ಲಿ ಪುಳ್ಳಿಗೂ (ವ್ಯಂಜನದಿಂದ ಸ್ವರ ತೆಗೆಯುವ ಚುಕ್ಕೆ) ‘ಎಫ್’ ಕೀಲಿಯೇ ಗೊತ್ತಾಗಿದೆ. ಹೀಗಾಗಿ ಎರಡು ಭಾಷೆಯಲ್ಲಿ ಅಚ್ಚಿಸುವ ಹೊಸೂರಿನವರ ಎಡಗೈ ತೋರುಬೆರಳಿಗೆ ಲಿಪಿ ಬದಲಾದರೂ ಕೆಲಸ ಬದಲಾಗುವುದಿಲ್ಲ. ಆದರೆ ತಮಿಳ್99ರಲ್ಲಿ ಒಂದೇ ವ್ಯಂಜನವನ್ನು ಎರಡು ಸಲ ಒತ್ತಿದರೆ ಮೊದಲನೆಯದಕ್ಕೆ ಪುಳ್ಳಿ ತಾನಾಗಿಯೇ ಬೀಳುತ್ತದೆ. ನುಡಿಯಲ್ಲಿ ‘ಅಕ್ಕ’, ‘ಅಪ್ಪ’ ಎನ್ನಲೂ ‘ಎಫ್’ ಒತ್ತದೆ ವಿಧಿಯಿಲ್ಲ. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ಸ್ವರಚಿಹ್ನೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ ಹಂಚಿಹೋಗಿವೆ. ದೀರ್ಘಚಿಹ್ನೆಗಾಗಲಿ ಅನುಸ್ವಾರಕ್ಕಾಗಲಿ ಶಿಫ್ಟ್ ಬೇಡ. ಕಲಿಯಲು ತುಸು ಕಷ್ಟವಾದರೂ ಕೈಗೆ ಇದೇ ಹಗುರ. ಹೊಸದಾಗಿ ಕಲಿಯುವ ಮಕ್ಕಳಿಗೆ ಇದನ್ನೇ ಹೇಳಿಕೊಡುವುದು ಒಳ್ಳೆಯದು.

ಕೈನೋವು

ಮಣಿಕಟ್ಟಿನ ಸುರಂಗದಲ್ಲಿ ಹಾದುಹೋಗುವ ಮೀಡಿಯನ್ ನರ ಒತ್ತಡಕ್ಕೆ ಸಿಲುಕಿದಾಗ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಅದೂ ರಾತ್ರಿ ಹೊತ್ತು ಹೆಚ್ಚು. ಕೀಲಿಮಣೆಯೊಂದೇ ಇದಕ್ಕೆ ಕಾರಣ ಎನ್ನುವಂತಿಲ್ಲ; ಮಧುಮೇಹ, ಥೈರಾಯ್ಡ್ ಕೊರತೆ, ಗರ್ಭಾವಸ್ಥೆಯಲ್ಲೂ ಇದು ಕಾಣಿಸಿಕೊಳ್ಳುತ್ತದೆ. ಕೀಲಿಮಣೆಯ ಹಿಂಬದಿಯ ಕಾಲುಗಳನ್ನು ಮಡಚಿಡಬೇಕು. ಎತ್ತಿದರೆ ಮಣಿಕಟ್ಟು ಹಿಂದಕ್ಕೆ ಬಾಗುತ್ತದೆ. ಮೌಸ್ ಕೀಲಿಮಣೆಯ ಮಗ್ಗುಲಲ್ಲೇ, ಅದೇ ಎತ್ತರದಲ್ಲಿರಲಿ.

ಮೌಸ್, ಸ್ಕ್ಯಾನರ್

ಆಪ್ಟಿಕಲ್ ಮೌಸಿನ ಕೆಂಪು ಬೆಳಕು ಸಾಮಾನ್ಯ ಎಲ್‌ಇಡಿಯದು. ಲೇಸರ್ ಮೌಸ್ ಲೇಸರ್‌ಗಳ ಅಪಾಯಮಟ್ಟದ ವಿಂಗಡಣೆಯಲ್ಲಿ ಸಾಮಾನ್ಯವಾಗಿ ಒಂದನೇ ವರ್ಗದ್ದು, ನಿರಪಾಯಕಾರಿ. ಅಂಗಡಿಗಳ ಲೇಸರ್ ಸ್ಕ್ಯಾನರ್ ಬಹುಪಾಲು ಒಂದನೇ ಇಲ್ಲವೇ ಎರಡನೇ ವರ್ಗಕ್ಕೆ ಸೇರುತ್ತದೆ; ಅದರ ಕಿಂಡಿಯನ್ನು ದಿಟ್ಟಿಸಿ ನೋಡಬಾರದು.

ಲೇಸರ್ ಪಾಯಿಂಟರ್

ನಿಜವಾದ ಅಪಾಯವಿರುವುದು ಇಲ್ಲಿ. ಎರಡನೇ ವರ್ಗದ ಪಾಯಿಂಟರ್ 1 ಮಿಲಿವಾಟ್ ಮೀರದು. ಸುಮಾರು ಕಾಲು ಸೆಕೆಂಡಿನಲ್ಲಿ ತಾನಾಗಿ ಮುಚ್ಚಿಕೊಳ್ಳುವ ರೆಪ್ಪೆಯೇ ಅದಕ್ಕೆ ಕಾವಲು. ಅಗ್ಗದ ಹಸಿರು ಪಾಯಿಂಟರಿನ ಮುಂದೆ ಈ ಕಾವಲು ಸಾಲದೆ ಹೋಗಬಹುದು. ಅದರೊಳಗೆ 808 ನ್ಯಾನೋಮೀಟರಿನ ಡಯೋಡ್ ಒಂದು ಹರಳನ್ನು ಚೋದಿಸುತ್ತದೆ. ಆ ಹರಳು ಹೊಮ್ಮಿಸುವ 1064 ನ್ಯಾನೋಮೀಟರಿನ ಕಿರಣದ ತರಂಗಾಂತರವನ್ನು ಇನ್ನೊಂದು ಹರಳು ಅರ್ಧಕ್ಕಿಳಿಸಿ 532ರ ಹಸಿರಾಗಿಸುತ್ತದೆ. ಉಳಿದ ಅವಗೆಂಪು ಕಿರಣವನ್ನು ತಡೆಯುವ ಶೋಧಕವನ್ನು ಕೈಬಿಟ್ಟರೆ ಅದೂ ಹೊರಬರುತ್ತದೆ. ಅಮೆರಿಕದ ಮಾನಕ ಸಂಸ್ಥೆ ‘ನಿಸ್ಟ್’ ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದ ಒಂದು ಅಗ್ಗದ ಪಾಯಿಂಟರ್ ಸುಮಾರು 20 ಮಿಲಿವಾಟ್ ಅವಗೆಂಪು ಕಿರಣ ಸೂಸುತ್ತಿತ್ತು. ಕಣ್ಣಿಗೆ ಕಾಣದ ಈ ಕಿರಣಕ್ಕೆ ರೆಪ್ಪೆ ಮುಚ್ಚುವುದಿಲ್ಲ. ಅಕ್ಷಿಪಟಕ್ಕೆ ನೋವೂ ತಿಳಿಯದು. ಸುಟ್ಟ ಮೇಲೆ ನೋಟದ ನಡುವೆ ಕಪ್ಪು ಮಚ್ಚೆ ಉಳಿಯುತ್ತದೆ. ಇಂಥದನ್ನು ಮಕ್ಕಳ ಕೈಗೆ ಆಟಿಕೆಯಾಗಿ ಕೊಡುವುದು ಸಲ್ಲದು. ವರ್ಗ, ತರಂಗಾಂತರ, ಮಿಲಿವಾಟ್ ನಮೂದಿಸಿದ ಚೀಟಿಯಿಲ್ಲದ ಪಾಯಿಂಟರನ್ನು ಕೊಳ್ಳಲೇಬಾರದು. ಕನ್ನಡಿ, ಗಾಜಿನ ಹಲಗೆಯತ್ತ ಹಿಡಿದರೂ ಕಿರಣ ಪುಟಿದು ಕಣ್ಣಿಗೆ ಬೀಳುತ್ತದೆ.

ಕಾನೂನು

ಹೊಸೂರಿನ ಬಳಿ ಬೆಳಗೊಂಡಪಲ್ಲಿಯಲ್ಲಿ ತನೇಜಾ ಏರೋಸ್ಪೇಸ್ ಕಂಪನಿಯ ಖಾಸಗಿ ವಿಮಾನ ಓಡುದಾರಿ ಇದೆ. ಹೀಗಾಗಿ ಪಾಯಿಂಟರನ್ನು ವಿಮಾನದತ್ತ ಹಿಡಿಯುವುದು ಇಲ್ಲಿ ಕಾನೂನಿನ ಮಾತೂ ಹೌದು. ವಿಮಾನಗಳಿಗೆ ಅಪಾಯ ತರಬಲ್ಲ ಬೆಳಕಿಗೆ ಸಂಬಂಧಿಸಿದ, ವಿಮಾನ ನಿಯಮಗಳ 66ನೇ ನಿಯಮಕ್ಕೆ 2023ರಲ್ಲಾದ ತಿದ್ದುಪಡಿ, ‘ಬೆಳಕು’ ಎಂಬುದರಲ್ಲಿ ಲೇಸರ್ ಬೆಳಕನ್ನೂ ಸೇರಿಸಿತು. ವಿಮಾನ ನಿಲ್ದಾಣದ ಸುತ್ತ ಸರ್ಕಾರದ ಅಧಿಕಾರವ್ಯಾಪ್ತಿಯನ್ನು 5 ಕಿಲೋಮೀಟರಿನಿಂದ 5 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 9 ಕಿಲೋಮೀಟರಿಗೆ ಹಿಗ್ಗಿಸಿತು.